ಪಂಪಾಪತಿ ಅಂತ ಹೆಸರಿಡಿ, ಆದರೆ ಬರೆಸುವ ಮೊದಲು ಮನೆಯವರೆಲ್ಲ ಒಪ್ಪಿಕೊಳ್ಳಿ

"ಸರ್, ಮಗನ ಹೆಸರು ಚೇಂಜ್ ಮಾಡಿಸಬೇಕಿತ್ರಿ" ಅಂತ ಫೋನ್ ಬಂದರೆ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ. ಹೆಸರು ಸೇರಿಸಬೇಕಾ, ತಿದ್ದಬೇಕಾ, ಬದಲಾಯಿಸಬೇಕಾ? ಆ ಕಡೆಯವರು ಸುಮ್ಮನಾಗುತ್ತಾರೆ. ಆಮೇಲೆ, "ಎಲ್ಲಾ ಒಂದೇ ಅಲ್ವೇನ್ರಿ?" ಅನ್ನುತ್ತಾರೆ. ಒಂದೇ ಅಲ್ಲ. ಗಂಗಾವತಿಯಲ್ಲಿ ವಕೀಲಿ ಮಾಡುವ ನಾನು ಇದನ್ನು ಎಷ್ಟು ಜನಕ್ಕೆ ಹೇಳಿದರೂ ಮುಗಿಯುತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಈ ಗಲಾಟೆಯಲ್ಲಿ ಹೆಚ್ಚು ಸಿಕ್ಕಿಕೊಳ್ಳುವ ಹೆಸರು ಪಂಪಾಪತಿ. ಒಂದು ಕಾಲಕ್ಕೆ ಗಂಗಾವತಿ, ಸಿಂಧನೂರು, ಸಿರುಗುಪ್ಪ ಕಡೆ ಈ ಹೆಸರಿನವರಿಲ್ಲದ ಊರು ಕಡಿಮೆ. ಪಂಪಣ್ಣ, ಪಂಪಯ್ಯ, ಪಂಪನಗೌಡ ಎಲ್ಲ ಅದೇ ಬಳ್ಳಿಯವು. ಈಗ ಒಂದನೇ ತರಗತಿಯ ಹಾಜರಿ ಪುಸ್ತಕದಲ್ಲಿ ಪಂಪಾಪತಿ ಸಿಕ್ಕರೆ ಅದು ಅಪರೂಪ. ತಾತಂದಿರಲ್ಲಿ ಧಾರಾಳ, ಅಪ್ಪಂದಿರಲ್ಲಿ ಕಡಿಮೆ, ಮಕ್ಕಳಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು.

ಹೆಸರು ಎಲ್ಲಿಂದ ಬಂತು ಅಂತ ಯುವ ಅಪ್ಪಂದಿರನ್ನು ಕೇಳಿದರೆ ಹಂಪಿ ವಿರೂಪಾಕ್ಷನದು ಅನ್ನುತ್ತಾರೆ. ಸರಿ, ಆದರೆ ಅರ್ಧ ಉತ್ತರ. ಪಂಪಾ ಅಂದರೆ ಮೊದಲು ಹೊಳೆ, ಆಮೇಲೆ ದೇವಿ. ತುಂಗಭದ್ರೆಗೆ ಪುರಾಣದಲ್ಲಿರುವ ಹೆಸರೇ ಪಂಪಾ. ಸ್ಥಳದ ಕಥೆಯಲ್ಲಿ ಪಂಪೆ ಬ್ರಹ್ಮನ ಮಗಳು. ಹಂಪಿಯ ಹೇಮಕೂಟ ಬೆಟ್ಟದಲ್ಲಿ ತಪಸ್ಸು ಮಾಡಿ ಶಿವನನ್ನು ಮದುವೆಯಾಗುತ್ತಾಳೆ. ಹೊಳೆದಂಡೆಯ ದೇವಿಯೇ ಮೊದಲಿಗಳು, ಶಿವ ಆಮೇಲೆ ಆಕೆಯ ಗಂಡನಾಗಿ ಬಂದವನು ಎಂದು ಇತಿಹಾಸಕಾರರೂ ಹೇಳುತ್ತಾರೆ. ಅಂದರೆ ಹೆಂಡತಿಯ ಹೆಸರಿನಿಂದ ಗುರುತಾದ ಗಂಡ ಈ ಪಂಪಾಪತಿ. ನನಗೆ ಈ ಹೆಸರಿನ ಮೇಲೆ ಪ್ರೀತಿ ಬರಲು ಇದೂ ಒಂದು ಕಾರಣ.

ಹಂಪಿ ಅನ್ನುವ ಊರ ಹೆಸರೂ ಪಂಪೆಯಿಂದಲೇ ಹುಟ್ಟಿದ್ದು. ಹಳಗನ್ನಡದ ಪಾಲು ಹಾಲಾಯಿತು, ಪತ್ತು ಹತ್ತಾಯಿತು, ಪಂಪೆ ಹಂಪೆಯಾಯಿತು. ಊರಿನ ಹೆಸರಿನಲ್ಲಿ ಪಕಾರ ಹೋಯಿತು, ನಮ್ಮ ತಾತಂದಿರ ಹೆಸರಿನಲ್ಲಿ ಮಾತ್ರ ಉಳಿಯಿತು. ವಿರೂಪಾಕ್ಷನ ಪರಮ ಭಕ್ತನಾಗಿದ್ದ ಕವಿ ಹರಿಹರ ಬರೆದ ಶತಕದ ಹೆಸರು 'ಪಂಪಾಶತಕ'. ವಿಜಯನಗರದ ಅರಸರು ದಾನಪತ್ರದ ಕೊನೆಗೆ ತಮ್ಮ ಹೆಸರು ಹಾಕುತ್ತಿರಲಿಲ್ಲ. 'ಶ್ರೀ ವಿರೂಪಾಕ್ಷ' ಎಂದು ಕನ್ನಡ ಅಕ್ಷರದಲ್ಲಿ ದೇವರ ರುಜು ಹಾಕುತ್ತಿದ್ದರು. ಸಂಸ್ಕೃತದಲ್ಲಿ ಬರೆದ ಶಾಸನಕ್ಕೂ ರುಜು ಕನ್ನಡದ್ದೇ. ಕಾಗದಪತ್ರ ನೋಡಿಯೇ ಹೊಟ್ಟೆ ಹೊರೆಯುವ ನನ್ನಂಥವನಿಗೆ ಇದು ದೊಡ್ಡ ಸಂಗತಿ. ಆನೆಗೊಂದಿಯ ಹತ್ತಿರದ ಪಂಪಾ ಸರೋವರ ಇವತ್ತಿಗೂ ನಮ್ಮ ತಾಲ್ಲೂಕಿನಲ್ಲಿದೆ. ಹಂಪಿ 2021ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು, ಈಗ ವಿಜಯನಗರ ಜಿಲ್ಲೆಗೆ ಸೇರಿದೆ. ಜಿಲ್ಲೆ ಬೇರೆಯಾದರೂ ಹರಕೆ ಬೇರೆಯಾಗಿಲ್ಲ. ಚೈತ್ರದ ತೇರಿಗೆ ಹೊಳೆಯ ಎರಡೂ ದಂಡೆಯ ಜನ ಹೋಗುತ್ತಾರೆ.

ನಮ್ಮ ಕಡೆ ಹೆಸರು ಜಾಸ್ತಿ ಬಂದಿದ್ದು ಹರಕೆಯಿಂದ. ಕೊಪ್ಪಳದ ಗವಿಮಠಕ್ಕೆ ನಡೆದುಕೊಂಡವರ ಮನೆಯಲ್ಲಿ ಗವಿಸಿದ್ದಪ್ಪ, ಹುಲಿಗೆಮ್ಮನಿಗೆ ಬೇಡಿಕೊಂಡವರಲ್ಲಿ ಹುಲಿಗೆಪ್ಪ, ಕುರುಗೋಡಿನ ಕಡೆ ದೊಡ್ಡಬಸಪ್ಪ, ಗುರುಗುಂಟಾದ ಕಡೆ ಅಮರೇಶ, ಕನಕಗಿರಿಯ ಕಡೆ ಕನಕಪ್ಪ. ಹುಟ್ಟಿದ ಮಕ್ಕಳು ಉಳಿಯದಿದ್ದರೆ ತಿಪ್ಪಣ್ಣ, ಅಡಿವೆಪ್ಪ. ಯಾರಿಗೂ ಬೇಡವಾದ ಹೆಸರಿಟ್ಟರೆ ಸಾವಿಗೂ ಬೇಡವಾಗಲಿ ಅಂತ. ಮೊಹರಮ್ಮಿನಲ್ಲಿ ಪೀರಲ ದೇವರಿಗೆ ಬೇಡಿಕೊಂಡು ಹುಟ್ಟಿದ ಹಿಂದೂ ಮಕ್ಕಳಿಗೆ ಹುಸೇನಪ್ಪ ಅಂತಲೂ ಇಟ್ಟಿದ್ದಾರೆ. ಆಫೀಸಿನಲ್ಲಿ ಹೊಸದಾಗಿ ಬಂದ ಗುಮಾಸ್ತರು ಈ ಹೆಸರು ನೋಡಿ ಜಾತಿ ಪ್ರಮಾಣಪತ್ರವನ್ನೇ ಅನುಮಾನಿಸಿದಾಗ ನನಗೆ ನಿಜವಾಗಿ ಸಿಟ್ಟು ಬರುತ್ತದೆ. ಈ ನೆಲದ ಪದ್ಧತಿ ತಿಳಿದುಕೊಂಡು ಕುರ್ಚಿಯಲ್ಲಿ ಕೂರಬೇಕು.

ಈಗಿನ ತಂದೆ ತಾಯಿಗೆ 'ಅಪರೂಪದ ಹೆಸರು' ಬೇಕು. ಅಪರೂಪ ಅಂದರೆ ಯಾರೂ ಕೇಳಿರಬಾರದು. ಮೊಬೈಲಿನಲ್ಲಿ ಹುಡುಕಿ ರಿಯಾಂಶ್, ಅಯಾಂಶ್ ತರುತ್ತಾರೆ. ಪಕ್ಕದಲ್ಲಿ 'ಸೂರ್ಯನ ಅಂಶ' ಅಂತ ಅರ್ಥವನ್ನೂ ಬರೆದಿರುತ್ತದೆ. ಸಂಸ್ಕೃತ ನಿಘಂಟು ತೆಗೆದು ನೋಡಿ, ರಿಯ ಅಂದರೆ ಸೂರ್ಯ ಅಂತ ಎಲ್ಲೂ ಇಲ್ಲ. ಕಿವಿಗೆ ಇಂಪಾಗಿದೆ ಅಂತ ಇಟ್ಟರೆ ನನ್ನ ತಕರಾರಿಲ್ಲ, ಹೆಸರು ನಿಮ್ಮ ಹಕ್ಕು. ಅರ್ಥ ಇದೆ ಅಂತ ನಂಬಿ ಇಡಬೇಡಿ, ಅಷ್ಟೇ. ಇನ್ನೊಂದು ಮಾತು: ಎಲ್ಲರೂ ಅದೇ ಪಟ್ಟಿ ನೋಡುವುದರಿಂದ ಆ ಹೆಸರುಗಳು ಈಗ ಓಣಿಗೆ ಒಂದರಂತೆ ಇವೆ. ಅಪರೂಪದ್ದೇ ಬೇಕಿದ್ದರೆ ಪಂಪಾಪತಿಗಿಂತ ಅಪರೂಪದ್ದು ಈಗ ಯಾವುದಿದೆ?

ಇನ್ನು ಕಾನೂನು. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಹುಟ್ಟಿದ 21 ದಿನದೊಳಗೆ ಮಾಹಿತಿ ಕೊಡಬೇಕು. ಮಾಹಿತಿ ಅಂದರೆ ಮಗು ಹುಟ್ಟಿದ್ದರ ಮಾಹಿತಿ. ಅಷ್ಟರೊಳಗೆ ಹೆಸರೂ ಇರಲೇಬೇಕು ಅಂತ ಇಲ್ಲ! ಹೆಸರಿನ ಜಾಗ ಖಾಲಿ ಬಿಡಬಹುದು. 14ನೇ ಸೆಕ್ಷನ್ ಇರುವುದೇ ಅದಕ್ಕೆ. ನೋಂದಣಿಯಾದ 12 ತಿಂಗಳೊಳಗೆ ಹೋಗಿ ಹೆಸರು ಹೇಳಿದರೆ ಶುಲ್ಕವಿಲ್ಲ. ಆಮೇಲೂ 15 ವರ್ಷದವರೆಗೆ ತಡದ ಶುಲ್ಕ ಕಟ್ಟಿ ಬರೆಸಬಹುದು. ಇದು ಸೇರಿಸುವುದು. ಇದು ಸುಲಭ.

ಎರಡನೆಯದು ತಿದ್ದುವುದು. 15ನೇ ಸೆಕ್ಷನ್. ನೀವು ಪಂಪಾಪತಿ ಅಂತ ಬರೆದುಕೊಟ್ಟಿದ್ದೀರಿ, ಅವರು ಪಂಪಪತಿ ಅಂತ ಟೈಪ್ ಮಾಡಿದ್ದಾರೆ. ಇದು ತಪ್ಪು. ದಾಖಲೆ ತೋರಿಸಿದರೆ ನೋಂದಣಾಧಿಕಾರಿ ತಿದ್ದಬಹುದು. ಆಗಲೂ ಮೂಲ ಬರಹ ಅಳಿಸುವುದಿಲ್ಲ. ಪಕ್ಕದ ಅಂಚಿನಲ್ಲಿ ಬರೆದು, ರುಜು ಹಾಕಿ, ತಾರೀಖು ಹಾಕುತ್ತಾರೆ.

ಮೂರನೆಯದು ಬದಲಾಯಿಸುವುದು. ಎಡವುವುದು ಇಲ್ಲೇ. ನೀವೇ ಹೇಳಿ, ನೀವೇ ಸಹಿ ಹಾಕಿ ಪಂಪಾಪತಿ ಅಂತ ಬರೆಸಿದ್ದೀರಿ. ಎರಡು ವರ್ಷ ಆದ ಮೇಲೆ ರಿಯಾಂಶ್ ಬೇಕು ಅಂತೀರಿ. ಪುಸ್ತಕದಲ್ಲಿ ಏನು ತಪ್ಪಿದೆ? ಏನೂ ಇಲ್ಲ. ತಪ್ಪೇ ಇಲ್ಲದ ಮೇಲೆ ತಿದ್ದುವುದು ಏನನ್ನು? ಅಧಿಕಾರಿ "ಆಗುವುದಿಲ್ಲ" ಅಂದರೆ ಅವರು ಲಂಚಕ್ಕೆ ಹಾಗೆ ಹೇಳುತ್ತಿದ್ದಾರೆ ಅಂತ ತಿಳಿಯಬೇಡಿ. ಕಾಯ್ದೆಯಲ್ಲಿ ಅದಕ್ಕೆ ಜಾಗವೇ ಇಲ್ಲ. ಮತ್ತೊಮ್ಮೆ ಹೇಳುತ್ತೇನೆ: ಖಾಲಿ ಜಾಗ ತುಂಬುವುದು ಬೇರೆ, ಅಕ್ಷರದೋಷ ಸರಿಮಾಡುವುದು ಬೇರೆ, ಸರಿಯಾಗಿರುವ ಹೆಸರು ತೆಗೆದು ಬೇರೆ ಹಾಕುವುದು ಬೇರೆ. "ಬಾಂಡ್ ಪೇಪರ್‌ನಲ್ಲಿ ಅಫಿಡವಿಟ್ ಮಾಡಿಸಿ ಪೇಪರಿಗೆ ಹಾಕಿಸಿದ್ರೆ ಮುಗೀತಲ್ವಾ?" ಅಂತ ಕೇಳುತ್ತಾರೆ. ಮುಗಿಯುವುದಿಲ್ಲ. ಅಫಿಡವಿಟ್ ನಿಮ್ಮ ಹೇಳಿಕೆ. ಅದನ್ನು ಮಾಡಿಸಿದ ಮಾತ್ರಕ್ಕೆ ಜನನ ರಿಜಿಸ್ಟರ್ ತಾನಾಗಿ ಬದಲಾಗುವುದಿಲ್ಲ.

ಒಂದು ಬಾಗಿಲು ತೆರೆದಿದೆ, ಅದನ್ನೂ ಹೇಳಬೇಕು. 2025ರಲ್ಲಿ ಉಡುಪಿಯ ಒಂದು ಮಗುವಿನ ಪ್ರಕರಣ ನಮ್ಮ ಹೈಕೋರ್ಟಿನ ಮುಂದೆ ಬಂತು. ಜ್ಯೋತಿಷ್ಯದ ಕಾರಣಕ್ಕೆ ತಂದೆ ತಾಯಿ ಹೆಸರು ಬದಲಿಸಲು ಕೇಳಿದ್ದರು. ಕಾಯ್ದೆಯಲ್ಲಿ ಅವಕಾಶವಿಲ್ಲದಿದ್ದರೂ, ಕಾನೂನು ತಿದ್ದುಪಡಿ ಆಗುವವರೆಗೆ, ಪೋಷಕರ ಪ್ರಮಾಣಿತ ಹೇಳಿಕೆ ಪಡೆದು ಬದಲಾವಣೆ ಮಾಡಿ, ಹಳೆಯ ಹೆಸರನ್ನೂ ದಾಖಲೆಯಲ್ಲಿ ಉಳಿಸಿ ಎಂದು ಕೋರ್ಟ್ ಹೇಳಿತು. ಹಾಗಂತ ನಾಳೆ ಬೆಳಿಗ್ಗೆ ಕೌಂಟರಿನಲ್ಲಿ ಜಗಳಕ್ಕೆ ನಿಲ್ಲಬೇಡಿ. ಪ್ರತಿ ಪ್ರಕರಣದ ಕಾಗದ ಬೇರೆ ಇರುತ್ತದೆ. ಕಾಗದ ನೋಡದೆ ನಾನು ಯಾರಿಗೂ ಆಗುತ್ತದೆ ಅಂತ ಭರವಸೆ ಕೊಡುವುದಿಲ್ಲ.

ಈ ಕಾಯ್ದೆಗೆ 2023ರಲ್ಲಿ ಆದ ತಿದ್ದುಪಡಿಯ ನಂತರ ಜನನ ದಾಖಲೆಯ ಹೆಸರಿಗೆ ಬೆಲೆ ಇನ್ನೂ ಜಾಸ್ತಿಯಾಗಿದೆ. 2023ರ ಅಕ್ಟೋಬರ್ 1ರಿಂದ ಹುಟ್ಟಿದ ಮಕ್ಕಳಿಗೆ ಶಾಲೆ ಸೇರಲು, ಡ್ರೈವಿಂಗ್ ಲೈಸೆನ್ಸಿಗೆ, ಮತದಾರರ ಪಟ್ಟಿಗೆ, ಸರ್ಕಾರಿ ನೌಕರಿಗೆ ಹುಟ್ಟಿದ ದಿನ, ಸ್ಥಳದ ಪುರಾವೆ ಬರ್ತ್ ಸರ್ಟಿಫಿಕೇಟೇ. ನಮ್ಮ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಸೀಟು, ನೌಕರಿಯ ಮೀಸಲಾತಿಗೆ 371ಜೆ ಅರ್ಹತಾ ಪತ್ರವೂ ಬೇಕು. ಅಲ್ಲಿ ಒಂದು ಹೆಸರು, ಮಾರ್ಕ್ಸ್ ಕಾರ್ಡಿನಲ್ಲಿ ಇನ್ನೊಂದು ಹೆಸರು ಇದ್ದರೆ ಸೀಟು ಸಿಗುವ ಹೊತ್ತಿಗೆ ಹುಡುಗ ತಹಶೀಲ್ದಾರ್ ಕಚೇರಿ ಸುತ್ತುತ್ತಿರುತ್ತಾನೆ.

ಕಾರಟಗಿ ಕಡೆಯ ಒಬ್ಬ ಅಜ್ಜ ಬಂದಿದ್ದರು, ಜೊತೆಗೆ ಮಗ, ಸೊಸೆ. ಸೊಸೆಗೆ ಬಹಳ ವರ್ಷ ಮಕ್ಕಳಾಗದೆ ಅಜ್ಜ ಹಂಪಿಗೆ ಹರಕೆ ಹೊತ್ತಿದ್ದರು. ಗಂಡುಮಗು ಹುಟ್ಟಿದ ಖುಷಿಯಲ್ಲಿ ಆಸ್ಪತ್ರೆಯಲ್ಲೇ ಪಂಪಾಪತಿ ಅಂತ ಬರೆಸಿದ್ದಾರೆ. ಮಗನೂ ಸಹಿ ಹಾಕಿದ್ದಾನೆ. ಸೊಸೆಯನ್ನು ಯಾರೂ ಕೇಳಿಲ್ಲ. ತೊಟ್ಟಿಲು ಕಾರ್ಯ ಆಕೆಯ ತವರಿನಲ್ಲಿ, ಬಳ್ಳಾರಿಯಲ್ಲಿ. ಅಲ್ಲಿ ಸೋದರತ್ತೆ ಕುರ್ ಅಂತ ಕಿವಿಯಲ್ಲಿ ಊದಿ ಹೇಳಿದ ಹೆಸರು ರಿಯಾಂಶ್. ಎಲ್‌ಕೆಜಿಗೂ ಅದೇ ಹೆಸರಿನಲ್ಲಿ ಸೇರಿಸಿದರು. ಒಂದನೇ ತರಗತಿಗೆ ಬರುವಾಗ ಎರಡೂ ಹೆಸರು ಎದುರುಬದುರು ನಿಂತವು.

ಅಜ್ಜ ಕೇಳಿದರು, "ಸಾಹೇಬ್ರ, ದೇವರ ಹೆಸರು ಕೆಟ್ಟದೇನ್ರಿ?" ಸೊಸೆ ತಲೆ ತಗ್ಗಿಸಿಕೊಂಡೇ ಹೇಳಿದರು, "ಕೆಟ್ಟದಲ್ರಿ ಮಾವಾರ. ನನ್ನನ್ನೂ ಒಂದ್ ಮಾತು ಕೇಳಬೇಕಿತ್ರಿ. ಸಾಲ್ಯಾಗ ಹುಡುಗ್ರು ಆಡ್ಕೋತಾವ್ರಿ."

ಇಬ್ಬರ ಮಾತಿನಲ್ಲೂ ನ್ಯಾಯ ಇತ್ತು. ಒಂಬತ್ತು ತಿಂಗಳು ಹೊತ್ತವಳನ್ನು ಕೇಳದೆ ಹೆಸರು ಬರೆಸುವುದು ನಮ್ಮ ಮನೆಗಳ ಹಳೆಯ ಚಾಳಿ. ನನ್ನ ಕಚೇರಿಗೆ ಬರುವ ಜಗಳಗಳ ಬೇರು ಹೆಚ್ಚಾಗಿ ಅಲ್ಲೇ ಇರುತ್ತದೆ. ಜನನ ದಾಖಲೆ ಮುಟ್ಟುವುದಕ್ಕಿಂತ, ಅದನ್ನೇ ಆಧಾರ ಮಾಡಿ ಶಾಲೆಯ ಪುಸ್ತಕ ತಿದ್ದಿಸುವುದು ಸುಲಭ ಎಂದು ವಿವರಿಸಿದೆ. ಮನೆಯಲ್ಲಿ ರಿಯಾಂಶ್ ಅಂತಲೇ ಕರೆಯಿರಿ, ಅದಕ್ಕೆ ಯಾವ ಕಾನೂನೂ ಅಡ್ಡ ಬರುವುದಿಲ್ಲ ಅಂದೆ. ಕರೆಯುವ ಹೆಸರು, ಕಾಗದದ ಹೆಸರು ಬೇರೆ ಇರುವುದು ನಮ್ಮಲ್ಲಿ ಹೊಸದೇನಲ್ಲ. ಹಳೆಯ ಧರ್ಮಗ್ರಂಥಗಳೂ ಮಗುವಿಗೆ ದೇವರದೊಂದು, ತಿಂಗಳದೊಂದು, ನಕ್ಷತ್ರದ್ದೊಂದು, ವ್ಯವಹಾರಕ್ಕೊಂದು ಅಂತ ನಾಲ್ಕು ಹೆಸರು ಹೇಳುತ್ತವೆ. ಸೊಸೆ ಒಂದು ವಾರ ಯೋಚಿಸಿ ಒಪ್ಪಿದರು. ಹುಡುಗನಿಗೆ ಹೇಮಕೂಟದ ಕಥೆ ಹೇಳಿಕೊಡುವ ಕೆಲಸ ಅಜ್ಜನಿಗೆ ಬಿತ್ತು.

ಕಾಗದದ ಹೆಸರು ಒಂದೇ ರೂಪದಲ್ಲಿರಬೇಕು. ಪಹಣಿಯಲ್ಲಿ 'ಪಂಪಣ್ಣ ತಂದೆ ಹನುಮಪ್ಪ', ಆಧಾರಿನಲ್ಲಿ ಪಂಪಾಪತಿ, ಬ್ಯಾಂಕಿನಲ್ಲಿ ಪಂಪಾಪತೆಪ್ಪ. ಆ ಹಿರಿಯರು ತೀರಿಕೊಂಡ ಮೇಲೆ ಮಕ್ಕಳು ಪೌತಿ ಖಾತೆಗೆ, ಅಂದರೆ ಹೊಲವನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು, ಓಡಾಡುತ್ತಾರೆ. ಮೂವರೂ ಒಬ್ಬರೇ ಅಂತ ಸಾಬೀತು ಮಾಡಲು ವಂಶವೃಕ್ಷ, ಪಂಚನಾಮೆ, ಸಾಕ್ಷಿ. ಇಂಗ್ಲಿಷಿನಲ್ಲಂತೂ ಕೊನೆಯ 'ತಿ'ಗೆ ಎಚ್ ಹಾಕುವವರು ಕೆಲವರು, ಬಿಡುವವರು ಕೆಲವರು, ಐ ಬದಲು ವೈ ಹಾಕುವವರು ಮತ್ತೆ ಕೆಲವರು. ಯಾವುದನ್ನಾದರೂ ಹಾಕಿ, ಆದರೆ ಒಂದನ್ನೇ ಹಾಕಿ. ಸಂಖ್ಯಾಶಾಸ್ತ್ರದವರು ಇನ್ನೊಂದು ಎ ಸೇರಿಸಿ ಅಂದರೆ, ಹೆಸರು ಬರೆಸುವ ಮುಂಚೆಯೇ ಸೇರಿಸಿಕೊಳ್ಳಿ. ಹತ್ತನೇ ತರಗತಿಯ ಮಾರ್ಕ್ಸ್ ಕಾರ್ಡ್ ಬಂದ ಮೇಲೆ ಬೇಡ.

ಇನ್ನೂ ಹೆಸರು ಬರೆಸದವರು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಒಂದು ಚೀಟಿಯಲ್ಲಿ ಬರೆದು, ಅದನ್ನೇ ತೋರಿಸಿ ಟೈಪ್ ಮಾಡಿಸಿ. ಸರ್ಟಿಫಿಕೇಟ್ ಕೈಗೆ ಬಂದ ದಿನವೇ ಅಕ್ಷರ ಅಕ್ಷರ ಓದಿ. ಈಗಾಗಲೇ ತೊಡಕಾಗಿದ್ದರೆ ಜನನ ಪ್ರಮಾಣಪತ್ರ, ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ, ತಾಯಿ ಕಾರ್ಡ್, ಶಾಲೆಯ ದಾಖಲೆ ಎಲ್ಲ ತೆಗೆದುಕೊಂಡು ವಕೀಲರ ಹತ್ತಿರ ಹೋಗಿ. ಹೋಗುವಾಗ ಮಗುವಿನ ತಾಯಿಯನ್ನು ಮನೆಯಲ್ಲಿ ಬಿಟ್ಟು ಹೋಗಬೇಡಿ.