ಸರ್ವರ್ ಡಬಲ್ ಮಾಡಿದರೂ ಸೈಟ್ ಯಾಕೆ ನಿಲ್ಲುತ್ತೆ?

ಓದುಗರ ಪ್ರಶ್ನೆ: ನಾವು ಮೂವರು ಗೆಳೆಯರು ಸೇರಿ ದಾವಣಗೆರೆಯಲ್ಲಿ ಅಡಿಕೆ, ಮೆಕ್ಕೆಜೋಳದ ಧಾರಣೆ ತೋರಿಸೋ ವೆಬ್ ಆ್ಯಪ್ ನಡೆಸ್ತಿದ್ದೇವೆ. ಬೆಳಿಗ್ಗೆಯೆಲ್ಲ ಚೆನ್ನಾಗಿರುತ್ತೆ. ಅವತ್ತಿನ ಧಾರಣೆ ಹಾಕಿದ ತಕ್ಷಣ ಎಲ್ಲರೂ ಒಟ್ಟಿಗೆ ನುಗ್ತಾರೆ, ಪುಟ ಗಿರಗಿರ ತಿರುಗ್ತಾನೇ ಇರುತ್ತೆ. ಕಳೆದ ತಿಂಗಳು ಸರ್ವರ್ ಡಬಲ್ ಮಾಡಿದೆವು. ಬಾಡಿಗೆ ಡಬಲ್ ಆಯ್ತು, ಪುಟ ಮಾತ್ರ ಹಾಗೇ ಇದೆ. ಇನ್ನೂ ದೊಡ್ಡದು ತಗೋಬೇಕಾ?

ಉತ್ತರ: ಬೇಡ. ಈಗಲೇ ಅಂತೂ ಬೇಡ.

ಭದ್ರಾ ನಾಲೆಯ ಕೊನೇ ಭಾಗದಲ್ಲಿ ಗದ್ದೆ ಇರುವವರನ್ನು ಕೇಳಿ ನೋಡಿ. ಜಲಾಶಯ ತುಂಬಿತು ಅಂತ ಪೇಪರ್‌ನಲ್ಲಿ ಬಂದ ದಿನವೂ ಅವರ ಗದ್ದೆ ಒಣಗಿರಬಹುದು. ಗದ್ದೆಗೆ ಬರೋದು ತೂಬು ಬಿಟ್ಟಷ್ಟೇ ನೀರು. ನೀವು ಜಲಾಶಯ ದೊಡ್ಡದು ಮಾಡಿದ್ದೀರಿ, ತೂಬು ಎಲ್ಲಿದೆ ಅಂತ ಹುಡುಕಿಲ್ಲ. ನಿಮ್ಮಂಥ ಆ್ಯಪ್‌ಗಳಲ್ಲಿ ಅದು ಸಾಮಾನ್ಯವಾಗಿ ಡೇಟಾಬೇಸ್‌ನಲ್ಲೇ, ಅಂದರೆ ಧಾರಣೆಯ ಮಾಹಿತಿಯೆಲ್ಲ ಕೂಡಿಟ್ಟಿರೋ ಕಡೆಯೇ ಇರುತ್ತೆ.

ಒಂದು ಲೆಕ್ಕ ಹಾಕೋಣ. ನಿಮ್ಮ ಆ್ಯಪ್‌ಗೂ ಡೇಟಾಬೇಸ್‌ಗೂ ನಡುವೆ ಮಾಹಿತಿ ಓಡಾಡುವ 20 ಕನೆಕ್ಷನ್ ಇವೆ, ಧಾರಣೆ ಪುಟ ಡೇಟಾಬೇಸನ್ನು ಕೇಳುವ ಒಂದು ಪ್ರಶ್ನೆಗೆ, ಅಂದರೆ ಕ್ವೆರಿಗೆ, 0.4 ಸೆಕೆಂಡ್ ಹಿಡಿಯುತ್ತೆ ಅಂದುಕೊಳ್ಳಿ. ಒಂದು ಕನೆಕ್ಷನ್ ಸೆಕೆಂಡಿಗೆ ಎರಡೂವರೆ ಕ್ವೆರಿ ಮುಗಿಸುತ್ತೆ. 20 ಸೇರಿದರೆ 50. ಅದೇ ನಿಮ್ಮ ಮಿತಿ. ಧಾರಣೆ ಬಂದ ಕ್ಷಣದಲ್ಲಿ 500 ಜನ ಒಟ್ಟಿಗೆ ತೆರೆದರೆ ಕೊನೆಯವರಿಗೆ ಪುಟ ಕಾಣಲು 10 ಸೆಕೆಂಡ್ ಬೇಕು. ಅಷ್ಟು ಹೊತ್ತು ಯಾರು ಕಾಯ್ತಾರೆ? ರಿಫ್ರೆಶ್ ಒತ್ತುತ್ತಾರೆ. ಹಳೇ ಕ್ವೆರಿ ಒಳಗೆ ಓಡ್ತಾನೇ ಇರುತ್ತೆ, ಹೊಸದೊಂದು ಸಾಲಿಗೆ ಸೇರುತ್ತೆ. 500 ಜನರ ಸಾಲು 1,000 ಆಗೋದು ಹೀಗೆ. ಈಗ ಆ 0.4 ಸೆಕೆಂಡನ್ನು 0.02ಕ್ಕೆ ಇಳಿಸಿ. ಅದೇ 20 ಕನೆಕ್ಷನ್ ಸೆಕೆಂಡಿಗೆ 1,000 ಜನರನ್ನು ಕಳಿಸಿಕೊಡುತ್ತೆ, ಒಂದು ರೂಪಾಯಿ ಹೆಚ್ಚಿನ ಬಾಡಿಗೆ ಇಲ್ಲದೆ. ಸಾಲಿನಲ್ಲಿರುವವರ ಸಂಖ್ಯೆ, ಬರುವ ವೇಗ, ಒಳಗೆ ಕಳೆಯುವ ಸಮಯ ಈ ಮೂರರ ನಂಟನ್ನು ಜಾನ್ ಲಿಟ್ಲ್ 1961ರಲ್ಲೇ ಗಣಿತದಿಂದ ಸಾಧಿಸಿ ತೋರಿಸಿದ್ದಾರೆ. ಸಾಲು ಕಾಯುವ ಜಾಗ ಬ್ಯಾಂಕಾದರೂ ಒಂದೇ, ಡೇಟಾಬೇಸ್ ಆದರೂ ಒಂದೇ.

ಹಾಗಾದರೆ ಆ 0.4 ಸೆಕೆಂಡ್ ಎಲ್ಲಿ ಹೋಗ್ತಿದೆ? ನಿಧಾನವಾದ ಕ್ವೆರಿಗಳನ್ನು ಬರೆದಿಡುವ ಸ್ಲೋ ಕ್ವೆರಿ ಲಾಗ್ ಹಾಕಿ. ನಿಮ್ಮ ಡೇಟಾಬೇಸ್ ಮೈಎಸ್‌ಕ್ಯೂಎಲ್ ಆದರೆ ಜೋಕೆ: ಅದರ ಮೂಲ ಸೆಟ್ಟಿಂಗ್ ಪ್ರಕಾರ 10 ಸೆಕೆಂಡ್ ಮೀರಿದ ಕ್ವೆರಿ ಮಾತ್ರ ಸ್ಲೋ. ಹಾಗೇ ಬಿಟ್ಟರೆ ಲಾಗ್ ಖಾಲಿ ಬೀಳುತ್ತೆ, 'ಡೇಟಾಬೇಸ್‌ನಲ್ಲಿ ತೊಂದರೆ ಇಲ್ಲ' ಅಂತ ನೀವು ನಿರಾಳವಾಗ್ತೀರಿ. 0.1ಕ್ಕೆ ಇಳಿಸಿ. ಸಿಕ್ಕಿದ ಕ್ವೆರಿಯ ಮುಂದೆ ಎಕ್ಸ್‌ಪ್ಲೇನ್ ಅಂತ ಸೇರಿಸಿ ಓಡಿಸಿ, ಡೇಟಾ ಹೇಗೆ ಹುಡುಕ್ತಿದೆ ಅಂತ ಅದು ಹೇಳುತ್ತೆ. ಇಡೀ ಟೇಬಲ್ ಓದುತ್ತಿದೆ ಅಂತ ಬಂದರೆ ಸಾಮಾನ್ಯವಾಗಿ ಇಂಡೆಕ್ಸ್, ಅಂದರೆ ಬೇಕಾದ ಸಾಲು ಎಲ್ಲಿದೆ ಅಂತ ತೋರಿಸುವ ಸೂಚಿ, ಇಲ್ಲ ಅಥವಾ ಬಳಕೆಯಾಗುತ್ತಿಲ್ಲ ಎಂದರ್ಥ. ಸರ್ವೆ ನಂಬರ್ ಇಲ್ಲದೆ ಹೊಲ ಹುಡುಕೋಕೆ ಹೊರಟ ಹಾಗೆ, ಭೀಮಸಮುದ್ರದ ಇವತ್ತಿನ ರಾಶಿ ಅಡಿಕೆ ಧಾರಣೆ ಬೇಕು ಅಂದರೆ ವರ್ಷಗಟ್ಟಲೆಯ ಎಲ್ಲ ಮಾರುಕಟ್ಟೆಗಳ ಎಲ್ಲ ಸಾಲುಗಳನ್ನೂ ಅದು ತಿರುವಿ ಹಾಕುತ್ತೆ.

ಮಾರುಕಟ್ಟೆ, ತಳಿ, ದಿನಾಂಕ ಮೂರನ್ನೂ ಸೇರಿಸಿ ಒಂದೇ ಇಂಡೆಕ್ಸ್ ಮಾಡಿ, ಇದೇ ಕ್ರಮದಲ್ಲಿ. ಇಂಥದ್ದೇ ಬೇಕು ಅಂತ ಕೇಳುವ ಕಾಲಂ ಮೊದಲು, 'ಇಲ್ಲಿಂದ ಇಲ್ಲಿವರೆಗೆ' ಅಂತ ಕೇಳುವ ದಿನಾಂಕ ಕೊನೆಗೆ. ದಿನಾಂಕದ ಕಾಲಂಗೆ ಫಂಕ್ಷನ್ ಹಚ್ಚಿ 'ವರ್ಷ ಮಾತ್ರ ತೆಗೆದು ಹೋಲಿಸು' ಅಂತ ಬರೆದಿದ್ದರೆ ಈ ಇಂಡೆಕ್ಸ್‌ನ ದಿನಾಂಕದ ಭಾಗ ಇದ್ದೂ ಇಲ್ಲದಂತೆ. ಜನವರಿ 1ರಿಂದ ಡಿಸೆಂಬರ್ 31ರವರೆಗೆ ಅಂತ ತಿದ್ದಿ ಬರೆಯಿರಿ. ಖುಷಿಯಲ್ಲಿ ಸಿಕ್ಕ ಸಿಕ್ಕ ಕಾಲಂಗೆಲ್ಲ ಇಂಡೆಕ್ಸ್ ಹಾಕಬೇಡಿ, ಟೇಬಲ್‌ಗೆ ಹೊಸ ಸಾಲು ಸೇರಿಸುವಾಗಲೆಲ್ಲ ಆ ಇಂಡೆಕ್ಸ್‌ಗಳನ್ನೂ ತಿದ್ದುವ ಕೆಲಸ ಇರುತ್ತೆ. ಹಾಗೇ, 30 ಮಾರುಕಟ್ಟೆಗಳ ಪಟ್ಟಿ ತಂದು ಪ್ರತಿಯೊಂದರ ಧಾರಣೆಗೂ ಬೇರೆ ಬೇರೆ ಕ್ವೆರಿ ಓಡಿಸ್ತಿದ್ದೀರಾ ನೋಡಿ. ಒಂದರಲ್ಲಿ ಆಗುವ ಕೆಲಸಕ್ಕೆ 31 ಸಲ ಓಡಾಟ.

ಇನ್ನೊಂದು ಮಾತು ಕೇಳ್ತೀನಿ: ಧಾರಣೆ ದಿನಕ್ಕೆ ಎಷ್ಟು ಸಲ ಬದಲಾಗುತ್ತೆ? ಒಂದೆರಡು ಸಲ. ಮತ್ತೆ ಪ್ರತಿಯೊಬ್ಬರಿಗೂ ಡೇಟಾಬೇಸನ್ನು ಹೊಸದಾಗಿ ಕೇಳೋದ್ಯಾಕೆ? ಬೆಣ್ಣೆ ದೋಸೆ ಹೋಟೆಲಿನಲ್ಲಿ ಕಾವಲಿ ಮೇಲೆ ಆಗೋದು ದೋಸೆ ಮಾತ್ರ. ಚಟ್ನಿ, ಪಲ್ಯ ಮೊದಲೇ ಆಗಿರುತ್ತೆ. ತಯಾರಾದ ಪುಟವನ್ನು 60 ಸೆಕೆಂಡ್ ಕ್ಯಾಶ್‌ನಲ್ಲಿ, ಅಂದರೆ ತಕ್ಷಣ ಕೊಡಲು ಸಿಗುವ ತಾತ್ಕಾಲಿಕ ಸಂಗ್ರಹದಲ್ಲಿ, ಇಡಿ, ಹೊಸ ಧಾರಣೆ ಹಾಕಿದಾಗ ಅದಕ್ಕೆ 'ಹಳತಾಯ್ತು' ಅಂತ ಗುರುತು ಹಾಕಿ. ಒಂದೇ ಎಚ್ಚರ: ಗುರುತು ಹಾಕಿದ ಕ್ಷಣದಲ್ಲಿ 500 ಜನರೂ ಒಟ್ಟಿಗೆ ಡೇಟಾಬೇಸ್ ಬಾಗಿಲಿಗೆ ಹೋಗದ ಹಾಗೆ, ಒಬ್ಬರ ವಿನಂತಿಯನ್ನು ಮಾತ್ರ ಒಳಗೆ ಬಿಟ್ಟು ಉಳಿದವರಿಗೆ ಅಷ್ಟರವರೆಗೆ ಹಳೇ ಪುಟವನ್ನೇ ತೋರಿಸಿ. ಲಾಗಿನ್ ಆದವರ ಹೆಸರಿರುವ ಪುಟವನ್ನು ಮಾತ್ರ ಹೀಗೆ ಹಂಚಬೇಡಿ. ನಾನೊಮ್ಮೆ ಹಂಚಿದ್ದೆ. ಅರ್ಧ ಗಂಟೆ ಬಂದವರಿಗೆಲ್ಲ 'ನಮಸ್ಕಾರ' ಅಂತ ಒಬ್ಬರದೇ ಹೆಸರು ಕಾಣಿಸ್ತಿತ್ತು, ಆ ಪುಣ್ಯಾತ್ಮರ ಮೊಬೈಲ್ ನಂಬರ್ ಸಮೇತ.

'ಒಂದರ ಬದಲು ನಾಲ್ಕು ಸರ್ವರ್ ಇಟ್ಟರೆ?' ಅಂತ ಮುಂದೆ ಕೇಳೇ ಕೇಳ್ತೀರಿ. ಒಂದೊಂದು ಸರ್ವರ್‌ನ ಆ್ಯಪ್ 30 ಕನೆಕ್ಷನ್ ಹಿಡಿದರೆ ನಾಲ್ಕಕ್ಕೆ 120. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಮೂಲ ಸೆಟ್ಟಿಂಗ್ ಬಿಡೋದು 100 ಮಾತ್ರ. ಚಿತ್ರದುರ್ಗದ ಕೋಟೆಯ ಹೊರಗೆ ಎಷ್ಟೇ ಸೈನಿಕರಿರಲಿ, ಓಬವ್ವನ ಕಿಂಡಿಯಲ್ಲಿ ತೂರಬಹುದಾದ್ದು ಒಬ್ಬೊಬ್ಬರೇ. ಅಲ್ಲಿಗೆ ಬರುವಷ್ಟು ಬೆಳೆದರೆ ನಡುವೆ ಪಿಜಿಬೌನ್ಸರ್‌ನಂಥ ಪೂಲರ್, ಅಂದರೆ ಕೆಲವೇ ಕನೆಕ್ಷನ್‌ಗಳನ್ನು ಎಲ್ಲರಿಗೂ ಹಂಚುವ ಸಾಫ್ಟ್‌ವೇರ್, ಇಡಿ. ಲಾಗಿನ್ ವಿವರ ಒಂದು ಸರ್ವರ್‌ನ ಮೆಮೊರಿಯಲ್ಲಿ ಕೂರದ ಹಾಗೆ, ಎಲ್ಲ ಸರ್ವರ್‌ಗಳೂ ಓದಬಹುದಾದ ರೆಡಿಸ್ ಎಂಬ ಸಂಗ್ರಹಕ್ಕೆ ಸಾಗಿಸಿ. ಇಲ್ಲದಿದ್ದರೆ ಒಂದು ಕ್ಲಿಕ್ ಈ ಸರ್ವರ್‌ಗೆ, ಮುಂದಿನದು ಆ ಸರ್ವರ್‌ಗೆ ಹೋಗಿ ಜನ ಪದೇ ಪದೇ ಲಾಗಿನ್ ಆಗಬೇಕಾಗುತ್ತೆ. ಧಾರಣೆಯ ಎಸ್‌ಎಂಎಸ್ ಕಳಿಸೋ ಕೆಲಸ ಇದ್ದರೆ ಅದನ್ನು ಕ್ಯೂಗೆ ಹಾಕಿ ಹಿಂದೆ ನಡೆಯಲು ಬಿಡಿ, ಪುಟ ಅದಕ್ಕಾಗಿ ಕಾಯಬಾರದು.

ಮುಖಪುಟದ ಫೋಟೊ ತೂಕ ಎಷ್ಟಿದೆ ಅಂತಲೂ ನೋಡಿಕೊಳ್ಳಿ. ಹೊಳಲ್ಕೆರೆಯ ತೋಟದಲ್ಲಿ ನಿಂತವರ ಫೋನಿಗೆ 4 ಎಂಬಿ ಅಡಿಕೆ ಗೊನೆ ಇಳಿಸೋ ಅಗತ್ಯ ಇಲ್ಲ. ಕಡಿಮೆ ತೂಕದ ವೆಬ್‌ಪಿ ಮಾದರಿಗೆ ಬದಲಿಸಿ ಚಿಕ್ಕದು ಮಾಡಿ. ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು ಅನ್ನೋದು ಗೂಗಲ್‌ನ ಅಳತೆಗೋಲು.

ಇದಿಷ್ಟು ಮಾಡಿ, ಕೆ6 ಅಥವಾ ಜೆಮೀಟರ್ ಎಂಬ ಪರೀಕ್ಷಾ ಸಾಫ್ಟ್‌ವೇರ್‌ನಿಂದ 1,000 ಜನ ಬಂದ ಹಾಗೆ ಪರೀಕ್ಷೆ ಮಾಡಿ. ರಾತ್ರಿ ಮಾಡಿ, ಧಾರಣೆ ಹೊತ್ತಲ್ಲಿ ಬೇಡ. ಸರಾಸರಿ ನೋಡಬೇಡಿ, 100ರಲ್ಲಿ 95ನೆಯವರಿಗೆ ಎಷ್ಟು ಹೊತ್ತಾಯ್ತು ನೋಡಿ. ಫೋನ್ ಮಾಡಿ ಬೈಯೋರು ಅವರಾಚೆಗಿನ ಐವರು. ಆಗಲೂ ಸರ್ವರ್‌ನ ಸಿಪಿಯು ಬಳಕೆ ಶೇ 90ರ ಮೇಲೆಯೇ ಕೂತಿದ್ದರೆ, ಇಲ್ಲವೇ ಡೇಟಾಬೇಸ್ ಪದೇ ಪದೇ ಓದುವ ಡೇಟಾ ಮೆಮೊರಿಯಲ್ಲಿ ಹಿಡಿಸದೆ ಡಿಸ್ಕ್‌ಗೆ ಹೋಗ್ತಿದ್ದರೆ, ಖಂಡಿತ ದೊಡ್ಡ ಸರ್ವರ್ ತಗೊಳ್ಳಿ. ಆದರೆ ನಿಮ್ಮ ಲೆಕ್ಕ ಕೇಳಿದರೆ, ಮುಂದಿನ ತಿಂಗಳು ಹಳೇ ಸೈಜಿಗೇ ವಾಪಸ್ ಬರ್ತೀರಿ ಅಂತ ನನಗನ್ನಿಸುತ್ತೆ.