ನಮ್ಮ ತಲೆ ಮೇಲೆ ಹಾರುವ ವಿಮಾನಕ್ಕೆ ‘ಹೋಗು’ ಎನ್ನುವವರು ಯಾರು?

ದಾವಣಗೆರೆಗೆ ಇನ್ನೂ ವಿಮಾನ ನಿಲ್ದಾಣ ಬಂದಿಲ್ಲ. ಚಿತ್ರದುರ್ಗದಲ್ಲೂ ಪ್ರಯಾಣಿಕರ ವಿಮಾನ ಇಳಿಯುವುದಿಲ್ಲ. ವಿಮಾನ ಹತ್ತಬೇಕೆಂದರೆ ಬೆಂಗಳೂರಿಗೋ ಹುಬ್ಬಳ್ಳಿಗೋ ಹೋಗಬೇಕು. 2023ರಿಂದ ಶಿವಮೊಗ್ಗವೂ ಇದೆ. ಹಾಗಂತ ನಮ್ಮ ಆಕಾಶವೇನೂ ಖಾಲಿ ಇಲ್ಲ. ಬೆಂಗಳೂರಿನಿಂದ ಹುಬ್ಬಳ್ಳಿ, ಬೆಳಗಾವಿ, ಪುಣೆ, ಮುಂಬೈ ಕಡೆಗೆ ಹೊರಟ ವಿಮಾನಗಳು ಮಧ್ಯ ಕರ್ನಾಟಕವನ್ನು ದಾಟಿಯೇ ಹೋಗಬೇಕು. ಕೆಲವು ಮೇಲೇರುತ್ತಿರುತ್ತವೆ, ಕೆಲವು ಬೆಂಗಳೂರಿಗೆ ಇಳಿಯಲು ಕೆಳಗೆ ಬರುತ್ತಿರುತ್ತವೆ. ಅವುಗಳಲ್ಲಿ ಒಂದೂ ತನ್ನಿಷ್ಟದಂತೆ ಹಾರುತ್ತಿಲ್ಲ. ಯಾವ ದಾರಿ, ಎಷ್ಟು ಎತ್ತರ, ಯಾವಾಗ ತಿರುಗಬೇಕು ಎಂಬುದಕ್ಕೆಲ್ಲ ನೆಲದಲ್ಲಿ ಕೂತ ಒಬ್ಬರ ಅಪ್ಪಣೆ ಬೇಕು. ಈ ಅಪ್ಪಣೆಗೆ ಕ್ಲಿಯರೆನ್ಸ್ ಎನ್ನುತ್ತಾರೆ. ಕೊಡುವವರು ಏರ್ ಟ್ರಾಫಿಕ್ ಕಂಟ್ರೋಲರ್‌ಗಳು.

ದಾವಣಗೆರೆ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ‘ರೈಟ್’ ಅಂದರೆ ಸಾಕು, ಡ್ರೈವರ್ ಗೇರ್ ಹಾಕುತ್ತಾರೆ. ವಿಮಾನದಲ್ಲಿ ಅಷ್ಟಕ್ಕೆ ಮುಗಿಯುವುದಿಲ್ಲ. ಎಂಜಿನ್ ಚಾಲೂ ಆಗುವ ಮೊದಲೇ ಪೈಲಟ್‌ಗೆ ದಾರಿ, ಮೊದಲ ಎತ್ತರ ಮತ್ತು ರೇಡಾರ್‌ನಲ್ಲಿ ಆ ವಿಮಾನವನ್ನು ಗುರುತಿಸುವ ನಾಲ್ಕಂಕಿಯ ಕೋಡ್ ಸಿಗುತ್ತದೆ. ಪೈಲಟ್ ಅದನ್ನು ಬರೆದುಕೊಂಡು ತಿರುಗಿ ಓದಿ ಹೇಳಬೇಕು. ಕಂಟ್ರೋಲರ್ ಅದನ್ನು ಕೇಳಿ, ಸರಿ ಇದೆಯಾ ಎಂದು ನೋಡಬೇಕು. ಆಮೇಲೆ ನೆಲದಲ್ಲಿ ಸಾಗುವಾಗ ಗ್ರೌಂಡ್, ರನ್‌ವೇಗೆ ಟವರ್, ನಿಲ್ದಾಣದ ಸುತ್ತಲಿನ ಆಕಾಶಕ್ಕೆ ಅಪ್ರೋಚ್, ದೂರದ ದಾರಿಗೆ ಏರಿಯಾ ಕಂಟ್ರೋಲ್ ಎಂದು ವಿಮಾನ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತದೆ. ಎತ್ತರ ಬದಲಾದಾಗಲೆಲ್ಲ, ರನ್‌ವೇಗೆ ಸಂಬಂಧಿಸಿದ ಪ್ರತಿ ಮಾತಿಗೂ ಇದೇ ಕ್ರಮ. ಕೇಳಿದವರಿಗೆ ಇದು ಸುಮ್ನೆ ಹೇಳಿದ್ದನ್ನೇ ಹೇಳುವ ಕೆಲಸ ಅನ್ನಿಸಬಹುದು. ಆದರೆ ಒಂದೊಂದು ನಿಯಮದ ಹಿಂದೆಯೂ ಜನ ಸತ್ತಿದ್ದಾರೆ. ಈ ಕಥೆ ನಮ್ಮ ಓದುಗರಿಗೆ ಗೊತ್ತಿರಬೇಕು ಎಂದೇ ಇದನ್ನು ಬರೆಯುತ್ತಿದ್ದೇನೆ.

ಶುರುವಿನಲ್ಲಿ ಇದ್ದದ್ದು ಬಾವುಟ. 1929ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಆರ್ಚಿ ಲೀಗ್ ಎಂಬವರು ರನ್‌ವೇ ಪಕ್ಕ ನಿಂತು, ಹೋಗು ಎನ್ನಲು ಒಂದು ಬಾವುಟ, ನಿಲ್ಲು ಎನ್ನಲು ಇನ್ನೊಂದು ಬೀಸುತ್ತಿದ್ದರು. ರೇಡಿಯೋ ಬಂದ ಮೇಲೂ ದೂರದ ಆಕಾಶದಲ್ಲಿ ಪೈಲಟ್‌ಗಳು ಬಹುಮಟ್ಟಿಗೆ ತಮ್ಮ ಕಣ್ಣನ್ನೇ ನಂಬಿದ್ದರು. 1956ರ ಜೂನ್ 30ರಂದು ಗ್ರ್ಯಾಂಡ್ ಕ್ಯಾನ್ಯನ್ ಮೇಲೆ ಎರಡು ವಿಮಾನ ಡಿಕ್ಕಿಯಾಗಿ 128 ಜನ ಸತ್ತರು. ಆಗ ಅಮೆರಿಕ ಎಚ್ಚೆತ್ತು, 1958ರಲ್ಲಿ ಆಕಾಶ ನೋಡಿಕೊಳ್ಳಲು ಹೊಸ ಸಂಸ್ಥೆ ಕಟ್ಟಿತು.

ಮಾತಿನ ಕಟ್ಟುನಿಟ್ಟು ಬಂದದ್ದು ಮಾತ್ರ ಸ್ಪೇನ್‌ನ ಟೆನೆರಿಫ್ ದ್ವೀಪದ ದುರಂತದ ನಂತರ. 1977ರ ಮಾರ್ಚ್ 27. ಪಕ್ಕದ ದ್ವೀಪದ ನಿಲ್ದಾಣದಲ್ಲಿ ಬಾಂಬ್ ಸಿಡಿದಿದ್ದರಿಂದ ದೊಡ್ಡ ವಿಮಾನಗಳೆಲ್ಲ ಈ ಸಣ್ಣ ನಿಲ್ದಾಣಕ್ಕೆ ಬಂದು ತುಂಬಿದ್ದವು. ದಟ್ಟ ಮಂಜು ಬೇರೆ. ಕೆಎಲ್‌ಎಂ ಕಂಪನಿಯ ಬೋಯಿಂಗ್ 747 ವಿಮಾನ ರನ್‌ವೇಯ ತುದಿಯಲ್ಲಿ ನಿಂತಿತ್ತು. ಪ್ಯಾನ್ ಆಮ್‌ನ 747 ಅದೇ ರನ್‌ವೇ ಮೇಲೆ ಇನ್ನೂ ಸಾಗುತ್ತಿತ್ತು. ಟವರ್ ಕೆಎಲ್‌ಎಂಗೆ ಕೊಟ್ಟದ್ದು ಮೇಲೇರಿದ ಮೇಲೆ ಹಿಡಿಯಬೇಕಾದ ದಾರಿಯ ಅಪ್ಪಣೆ ಮಾತ್ರ, ಹೊರಡುವ ಅಪ್ಪಣೆ ಅಲ್ಲ. ಸಹ ಪೈಲಟ್ ಅದನ್ನು ತಿರುಗಿ ಓದಿ, ಕೊನೆಗೆ ‘ನಾವೀಗ ಟೇಕಾಫ್‌ನಲ್ಲಿದ್ದೇವೆ’ ಎಂಬರ್ಥದ ಮಾತು ಸೇರಿಸಿದರು. ವಿಮಾನ ಆಗಲೇ ಓಡಲು ಶುರುವಾಗಿತ್ತು. ಟವರ್‌ನವರು ಅದನ್ನು ‘ಟೇಕಾಫ್‌ಗೆ ಸಿದ್ಧ’ ಎಂದುಕೊಂಡರು. ಓಕೆ ಎಂದು, ಕಾಯಿರಿ, ಕರೆಯುತ್ತೇನೆ ಎಂದೂ ಹೇಳಿದರು. ಅದೇ ಕ್ಷಣಕ್ಕೆ ಪ್ಯಾನ್ ಆಮ್ ‘ನಾವಿನ್ನೂ ರನ್‌ವೇ ಮೇಲಿದ್ದೇವೆ’ ಎಂದಿತು. ಒಂದು ಫ್ರೀಕ್ವೆನ್ಸಿಯಲ್ಲಿ ಒಮ್ಮೆಗೆ ಒಬ್ಬರು ಮಾತ್ರ ಮಾತಾಡಬಹುದು. ಎರಡು ದನಿ ಒಂದರ ಮೇಲೊಂದು ಬಿದ್ದು, ಕೆಎಲ್‌ಎಂ ಕಾಕ್‌ಪಿಟ್‌ಗೆ ಸ್ಪಷ್ಟವಾಗಿ ಕೇಳಿಸಿದ್ದು ‘ಓಕೆ’ ಮಾತ್ರ. ಉಳಿದದ್ದು ಕರ್ಕಶ ಶಬ್ದ. 583 ಜನ ಸತ್ತರು. ವಿಮಾನಯಾನದ ಚರಿತ್ರೆಯಲ್ಲಿ ಇಷ್ಟು ಜನ ಸತ್ತ ಅಪಘಾತ ಇನ್ನೊಂದಿಲ್ಲ.

ಈಗ ಕಂಟ್ರೋಲರ್ ‘ಟೇಕಾಫ್’ ಎಂಬ ಪದ ಬಳಸುವುದು ನಿಜವಾಗಿ ಹೊರಡಲು ಬಿಡುವಾಗ, ಇಲ್ಲವೇ ಆ ಅಪ್ಪಣೆ ರದ್ದು ಮಾಡುವಾಗ ಮಾತ್ರ. ಬೇರೆ ಸಮಯದಲ್ಲಿ ‘ಡಿಪಾರ್ಚರ್’ ಎನ್ನಬೇಕು. ಬರೀ ‘ಓಕೆ’, ‘ರೋಜರ್’ ಎಂದರೆ ತಿರುಗಿ ಹೇಳಿದಂತಾಗುವುದಿಲ್ಲ.

ತಿರುಗಿ ಹೇಳಿದರೆ ಸಾಕೇ? ಸಾಲದು ಎಂದು ಮಲೇಷ್ಯಾದಲ್ಲಿ ಗೊತ್ತಾಯಿತು. 1989ರ ಫೆಬ್ರವರಿ 19ರಂದು ಕ್ವಾಲಾಲಂಪುರಕ್ಕೆ ಒಂದು ಸರಕು ವಿಮಾನ ಇಳಿಯುತ್ತಿತ್ತು. ಕಂಟ್ರೋಲರ್ 2,400 ಅಡಿಗೆ ಇಳಿಯಿರಿ ಎನ್ನಲು ‘ಟು ಫೋರ್ ಜೀರೋ ಜೀರೋ’ ಎಂದರು. ಪೈಲಟ್‌ಗೆ ‘ಟು’ ಎಂಬುದು ಎರಡು ಎಂಬ ಅಂಕಿಯಾಗಿ ಅಲ್ಲ, ‘ವರೆಗೆ’ ಎಂಬರ್ಥದ ಇಂಗ್ಲಿಷ್ ಪದವಾಗಿ ಕೇಳಿಸಿತು. ‘ಓಕೆ, ಫೋರ್ ಜೀರೋ ಜೀರೋ’ ಎಂದರು. ಅಂದರೆ 400 ಅಡಿ. ತಪ್ಪು ಆ ಉತ್ತರದಲ್ಲೇ ಇತ್ತು, ಆದರೆ ಕಂಟ್ರೋಲರ್ ತಿದ್ದಲಿಲ್ಲ. ವಿಮಾನ ಗುಡ್ಡಕ್ಕೆ ಬಡಿದು ನಾಲ್ವರೂ ಸತ್ತರು. ಹೇಳುವವರಷ್ಟೇ ಜವಾಬ್ದಾರಿ ಕೇಳಿಸಿಕೊಳ್ಳುವವರಿಗೂ ಇದೆ. ನನ್ನ ಮಟ್ಟಿಗೆ ಈ ಇಡೀ ಚರಿತ್ರೆಯಲ್ಲಿ ಮುಖ್ಯವಾದದ್ದು ಇದೇ. ಬೆಳಗ್ಗಿಂದ ಒಂದೇ ಥರದ ನೂರಾರು ಉತ್ತರ ಕೇಳಿದ ಕಿವಿ, ತಾನು ನಿರೀಕ್ಷಿಸಿದ್ದನ್ನೇ ಕೇಳಿಸಿಕೊಳ್ಳುತ್ತದೆ. ಕಂಟ್ರೋಲರ್‌ಗಳಿಗೆ ಮಧ್ಯೆ ಮಧ್ಯೆ ಕಡ್ಡಾಯ ವಿಶ್ರಾಂತಿ ಬೇಕು ಎನ್ನುವುದು ಇದಕ್ಕೇ.

ಭಾರತದ ಪಾಠ ಇನ್ನೂ ದುಬಾರಿಯಾಗಿತ್ತು. 1996ರ ನವೆಂಬರ್ 12ರ ಸಂಜೆ ದೆಹಲಿಯಿಂದ ಹೊರಟ ಸೌದಿಯಾದ 747ಗೆ 14,000 ಅಡಿವರೆಗೆ ಏರಲು ಅಪ್ಪಣೆ ಇತ್ತು. ಎದುರಿನಿಂದ ಬರುತ್ತಿದ್ದ ಕಜಕಿಸ್ತಾನದ ವಿಮಾನಕ್ಕೆ 15,000 ಅಡಿವರೆಗೆ ಇಳಿಯಲು ಅಪ್ಪಣೆ. ಮಧ್ಯೆ 1,000 ಅಡಿ ಅಂತರ. ಎದುರು ವಿಮಾನ ಬರುತ್ತಿದೆ ಎಂದು ಕಂಟ್ರೋಲರ್ ಎಚ್ಚರಿಸಿಯೂ ಇದ್ದರು. ಆದರೂ ಕಜಕ್ ವಿಮಾನ 15,000 ಅಡಿಯಲ್ಲಿ ನಿಲ್ಲದೆ ಕೆಳಗಿಳಿಯಿತು. ಹರಿಯಾಣದ ಚರ್ಖಿ ದಾದ್ರಿ ಹತ್ತಿರ ಎರಡೂ ಡಿಕ್ಕಿಯಾಗಿ, 349 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ನ್ಯಾಯಮೂರ್ತಿ ಆರ್.ಸಿ. ಲಾಹೋಟಿ ಅವರ ತನಿಖೆ, ಕಜಕ್ ಸಿಬ್ಬಂದಿ ಅಪ್ಪಣೆ ಮೀರಿದ್ದೇ ಕಾರಣ ಎಂದಿತು. ಅವರ ಇಂಗ್ಲಿಷ್ ಕಷ್ಟದ ವಿಷಯವೂ ಚರ್ಚೆಗೆ ಬಂತು. ಆದರೆ ದೆಹಲಿಯ ರೇಡಾರ್ ಆಗ ವಿಮಾನ ಎಲ್ಲಿದೆ ಎಂದು ತೋರಿಸುತ್ತಿತ್ತೇ ಹೊರತು ಎಷ್ಟು ಎತ್ತರದಲ್ಲಿದೆ ಎಂದು ತೋರಿಸುತ್ತಿರಲಿಲ್ಲ. ಹೋಗುವವರಿಗೂ ಬರುವವರಿಗೂ ಇದ್ದದ್ದು ಒಂದೇ ದಾರಿ. ಇದನ್ನು ಮರೆತು ಬರೀ ಪೈಲಟ್‌ಗಳನ್ನು ದೂರುವುದು ನ್ಯಾಯವಲ್ಲ. ಆಮೇಲೆ ದಾರಿಗಳು ಬೇರೆಯಾದವು, ಎತ್ತರ ತೋರಿಸುವ ರೇಡಾರ್ ಬಂತು, ಡಿಕ್ಕಿ ತಪ್ಪಿಸುವ ಟಿಕ್ಯಾಸ್ ಉಪಕರಣ ಕಡ್ಡಾಯವಾಯಿತು.

ಆ ಉಪಕರಣವೂ ಒಂದು ಪ್ರಶ್ನೆ ಹುಟ್ಟಿಸಿತು. 2002ರ ಜುಲೈ 1ರ ರಾತ್ರಿ ಜರ್ಮನಿಯ ಯೂಬರ್‌ಲಿಂಗನ್ ಮೇಲೆ ಡಿಕ್ಕಿಯಾಗುವಂತಿದ್ದ ಎರಡು ವಿಮಾನಗಳಲ್ಲಿ ಒಂದಕ್ಕೆ ಟಿಕ್ಯಾಸ್ ಏರು ಎಂದಿತು, ಕಂಟ್ರೋಲರ್ ಇಳಿಯಿರಿ ಎಂದರು. ಪೈಲಟ್‌ಗಳು ಕಂಟ್ರೋಲರ್ ಮಾತು ಕೇಳಿದರು. ಟಿಕ್ಯಾಸ್ ಮಾತಿನಂತೆ ಇನ್ನೊಂದೂ ಇಳಿಯುತ್ತಿತ್ತು. ಡಿಕ್ಕಿಯಾಗಿ 71 ಜನ ಸತ್ತರು. ಅಂಥ ಹೊತ್ತಲ್ಲಿ ಟಿಕ್ಯಾಸ್ ಹೇಳಿದ್ದೇ ಅಂತಿಮ ಎಂದು ಆಮೇಲೆ ಖಚಿತವಾಯಿತು.

ಭಾಷೆಯ ಮಾತು ಬಂದಿದ್ದರಿಂದ ಒಂದು ವಿಷಯ. ಬೆಂಗಳೂರಿನಲ್ಲಿ ಪೈಲಟ್, ಕಂಟ್ರೋಲರ್ ಇಬ್ಬರೂ ಕನ್ನಡದವರಾಗಿದ್ದರೂ ರೇಡಿಯೋದಲ್ಲಿ ಇಂಗ್ಲಿಷೇ. 1976ರಲ್ಲಿ ಆಗಿನ ಯುಗೊಸ್ಲಾವಿಯಾದ ಜಾಗ್ರೆಬ್ ಮೇಲೆ ಎರಡು ವಿಮಾನ ಡಿಕ್ಕಿಯಾಗಿ 176 ಜನ ಸತ್ತಾಗ, ಕಂಟ್ರೋಲರ್ ಕೊನೆ ಗಳಿಗೆಯಲ್ಲಿ ತಮ್ಮ ಭಾಷೆಗೆ ತಿರುಗಿದ್ದರು. ಇನ್ನೊಂದು ವಿಮಾನದ ಬ್ರಿಟಿಷ್ ಸಿಬ್ಬಂದಿಗೆ ಅದು ಅರ್ಥವಾಗಲಿಲ್ಲ. ಅಕ್ಕಪಕ್ಕ ಹಾರುವವರೂ ಆ ಮಾತು ಕೇಳುತ್ತಿರುತ್ತಾರಲ್ವಾ? ಕನ್ನಡದ ಬಗ್ಗೆ ಎಷ್ಟೇ ಅಭಿಮಾನ ಇದ್ದರೂ ಇಲ್ಲಿ ಎಲ್ಲರಿಗೂ ತಿಳಿಯುವ ಭಾಷೆಯೇ ಇರಲಿ ಎನ್ನುತ್ತೇನೆ.

ಇಷ್ಟೆಲ್ಲ ಆದ ಮೇಲೂ ಒಂದು ಸಂದು ಉಳಿದೇ ಇತ್ತು. 2022ರ ಜನವರಿ 7ರಂದು ಬೆಂಗಳೂರಿನಲ್ಲಿ, ಎರಡು ರನ್‌ವೇಗಳ ಬದಲು ಉತ್ತರದ್ದನ್ನು ಮಾತ್ರ ಬಳಸುವ ತೀರ್ಮಾನವಾಯಿತು. ಅದು ದಕ್ಷಿಣ ಟವರ್‌ನ ಕಂಟ್ರೋಲರ್‌ಗೆ ತಲುಪಲಿಲ್ಲ. ಕೋಲ್ಕತ್ತಾಗೆ ಒಂದು, ಭುವನೇಶ್ವರಕ್ಕೆ ಒಂದು ವಿಮಾನ ಹೆಚ್ಚುಕಡಿಮೆ ಒಟ್ಟಿಗೆ, ಒಂದೇ ದಿಕ್ಕಿಗೆ ಮೇಲೆದ್ದವು. ರೇಡಾರ್ ನೋಡುತ್ತಿದ್ದ ಕಂಟ್ರೋಲರ್ ಕೂಡಲೇ ಬೇರೆ ಬೇರೆ ದಿಕ್ಕಿಗೆ ತಿರುಗಿಸಿದ್ದರಿಂದ ಅನಾಹುತ ತಪ್ಪಿತು. ಗಮನಿಸಿ, ಎರಡೂ ವಿಮಾನ ಅಪ್ಪಣೆ ಪಡೆದೇ ಹೊರಟಿದ್ದವು. ಮಾತು ತಪ್ಪಿದ್ದು ಕಂಟ್ರೋಲರ್‌ಗಳ ನಡುವೆ. ಪೈಲಟ್ ತಿರುಗಿ ಹೇಳಲೇಬೇಕು ಎನ್ನುವ ಬಿಗಿ, ಒಂದೇ ಕಡೆ ಕೆಲಸ ಮಾಡುವವರ ಮಧ್ಯೆಯೂ ಅಷ್ಟೇ ಇರಬೇಕು.

ಇನ್ನು ನಮ್ಮ ಚಳ್ಳಕೆರೆ. ಇಲ್ಲಿನ ಅಮೃತಮಹಲ್ ಕಾವಲಿನಲ್ಲಿ ಡಿಆರ್‌ಡಿಒದ ಏರೋನಾಟಿಕಲ್ ಟೆಸ್ಟ್ ರೇಂಜ್ 2017ರ ಮೇ 28ರಂದು ಉದ್ಘಾಟನೆಯಾಯಿತು. 2023ರ ಏಪ್ರಿಲ್ 2ರಂದು ಇಸ್ರೋದ ರೆಕ್ಕೆಯ ವಾಹನ, ಹೆಲಿಕಾಪ್ಟರ್‌ನಿಂದ ನಾಲ್ಕೂವರೆ ಕಿ.ಮೀ. ಎತ್ತರದಲ್ಲಿ ಕಳಚಿಕೊಂಡು ಇಲ್ಲೇ ತಾನಾಗಿ ಇಳಿಯಿತು. ಇಂಥ ಪರೀಕ್ಷೆಗೆ ಇಷ್ಟು ಗಂಟೆಯಿಂದ ಇಷ್ಟು ಗಂಟೆವರೆಗೆ, ಇಷ್ಟು ಎತ್ತರದವರೆಗೆ ಈ ಜಾಗ ಬಿಡಿ ಎಂದು ಪೈಲಟ್‌ಗಳಿಗೆ ನೋಟಾಮ್ ಎಂಬ ಸೂಚನೆ ಹೋಗುತ್ತದೆ. ದೇಶದ ಆಕಾಶದಲ್ಲಿ ನಾಗರಿಕ ವಿಮಾನಗಳಿಗೆ ಮುಕ್ತವಾಗಿ ಸಿಗುವುದು ಶೇ. 60ರಷ್ಟು ಮಾತ್ರ ಎಂದು 2020ರ ಮೇನಲ್ಲಿ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಹೇಳಿ, ನಿರ್ಬಂಧ ಸಡಿಲಿಸುವುದಾಗಿ ಪ್ರಕಟಿಸಿದ್ದರು.

2023ರ ಜೂನ್ 16ರಂದು ಇಲ್ಲಿಂದ ಹೊರಟ ತಪಸ್ ಡ್ರೋನ್ 20,000 ಅಡಿ ಎತ್ತರದಲ್ಲಿ ಮೂರೂವರೆ ಗಂಟೆ ಹಾರಿತು. ಕಾರವಾರದಾಚೆ ಸಮುದ್ರದಲ್ಲಿದ್ದ ನೌಕಾಪಡೆಯ ಹಡಗು ಮಧ್ಯೆ 40 ನಿಮಿಷ ಅದನ್ನು ನಡೆಸಿತು. ಇಂಥ ವಿಮಾನದ ಪೈಲಟ್ ನೆಲದಲ್ಲಿರುತ್ತಾರೆ. ಅಪ್ಪಣೆಯನ್ನು ಅವರು ತಿರುಗಿ ಹೇಳಬಹುದು. ಆದರೆ ಅವರಿಗೂ ವಿಮಾನಕ್ಕೂ ಇರುವ ಸಂಪರ್ಕವೇ ಕಡಿದರೆ ಅದು ಮೊದಲೇ ತುಂಬಿಸಿಟ್ಟ ದಾರಿಯಲ್ಲಿ ಹೋಗುತ್ತದೆ. ಆ ದಾರಿ ಯಾವುದು ಎಂದು ಸುತ್ತಲಿನ ಕಂಟ್ರೋಲರ್‌ಗಳಿಗೆ ಹಾರಾಟಕ್ಕೆ ಮೊದಲೇ ಗೊತ್ತಿರಬೇಕು.

ಕೆಳಗಿರುವವರಿಗೂ ಗೊತ್ತಿರಬೇಕು. 2019ರ ಸೆಪ್ಟೆಂಬರ್‌ನಲ್ಲಿ ಜೋಡಿಚಿಕ್ಕೇನಹಳ್ಳಿ ಹತ್ತಿರ, 2023ರ ಆಗಸ್ಟ್‌ನಲ್ಲಿ ಹಿರಿಯೂರು ತಾಲ್ಲೂಕಿನ ವದ್ದಿಕೆರೆ ಹತ್ತಿರ ಡ್ರೋನ್‌ಗಳು ಹೊಲಕ್ಕೆ ಬಿದ್ದವು. ಯಾರಿಗೂ ಏನೂ ಆಗಲಿಲ್ಲ. ನೋಟಾಮ್ ಗುಟ್ಟಿನ ಕಾಗದವಲ್ಲ, ಪೈಲಟ್‌ಗಳಿಗೆ ಬಹಿರಂಗವಾಗಿಯೇ ಸಿಗುತ್ತದೆ. ಅದರಲ್ಲಿನ ದಿನ, ಸಮಯ, ಜಾಗವನ್ನು ಕನ್ನಡದಲ್ಲಿ ಬರೆದು, ಕಾವಲಿನ ಸುತ್ತಲಿನ ಗ್ರಾಮ ಪಂಚಾಯಿತಿಗಳ ಬೋರ್ಡಿಗೆ ಹಿಂದಿನ ದಿನವೇ ಹಚ್ಚುವ ಏರ್ಪಾಡು ಆಗಬೇಕು. ಪಂಚಾಯಿತಿಯಿಂದ ‘ತಲುಪಿದೆ’ ಎಂಬ ಉತ್ತರವನ್ನೂ ತರಿಸಿಕೊಳ್ಳಬೇಕು.