ಸಂಧಿವಾತದ ಮಾತ್ರೆಯಿಂದ ಕಣ್ಣು ಹೋಗುತ್ತಾ?

ಪ್ರಶ್ನೆ: ನನಗೆ 46 ವರ್ಷ. ರುಮಟಾಯ್ಡ್ ಸಂಧಿವಾತಕ್ಕೆ 3 ವರ್ಷದಿಂದ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆ ತಗೊಳ್ತಿದ್ದೇನೆ. ಬೆರಳುಗಳ ಬಾವು ಇಳಿದಿದೆ. ಆದರೆ ಈ ಮಾತ್ರೆ ತಿಂದರೆ ಕಣ್ಣು ಹೋಗುತ್ತೆ ಅಂತ ನೆಂಟರು ಹೆದರಿಸುತ್ತಿದ್ದಾರೆ. ಸದ್ಯಕ್ಕೆ ಚೆನ್ನಾಗಿಯೇ ಕಾಣುತ್ತದೆ. ನಿಲ್ಲಿಸಿಬಿಡಲೇ?

ಉತ್ತರ: ದಯವಿಟ್ಟು ನೀವಾಗಿಯೇ ನಿಲ್ಲಿಸಬೇಡಿ. ಸುಮ್ನೆ ಬಿಟ್ಟರೆ ಇಳಿದ ಬಾವು ಮತ್ತೆ ಏರಬಹುದು, ಕೀಲು ಸವೆಯಬಹುದು. ನಿಮ್ಮ ನೆಂಟರ ಮಾತು ಪೂರ್ತಿ ಸುಳ್ಳೂ ಅಲ್ಲ. ಈ ಔಷಧಿ ತುಂಬಾ ವರ್ಷ ಸೇರುತ್ತಾ ಹೋದರೆ ಕಣ್ಣಿನ ಹಿಂಭಾಗದ ರೆಟಿನಾ ಪದರಕ್ಕೆ ಹಾನಿ ಮಾಡಬಲ್ಲದು. ಸರಿಯಾದ ಪ್ರಮಾಣದಲ್ಲಿ ತಗೊಂಡರೆ ಮೊದಲ 5 ವರ್ಷದಲ್ಲಿ ಹೀಗಾಗುವುದು ನೂರಕ್ಕೆ ಒಬ್ಬರಿಗಿಂತಲೂ ಕಡಿಮೆ ಜನರಿಗೆ. 10 ವರ್ಷದವರೆಗೂ ನೂರಕ್ಕೆ ಇಬ್ಬರೊಳಗೆ. 20 ವರ್ಷ ದಾಟಿದ ಮೇಲೆ ಮಾತ್ರ ಅದು ನೂರಕ್ಕೆ ಸುಮಾರು 20 ಜನರಿಗೆ ಏರುತ್ತದೆ.

ಸರಿಯಾದ ಪ್ರಮಾಣ ಅಂದರೆ ಎಷ್ಟು? ದೇಹದ ತೂಕದ ಪ್ರತಿ ಕೆಜಿಗೆ ದಿನಕ್ಕೆ 5 ಮಿಲಿಗ್ರಾಂ ಮೀರಬಾರದು. ನಿಮ್ಮ ತೂಕ 48 ಕೆಜಿ ಅಂತಿಟ್ಟುಕೊಳ್ಳಿ, ಮಿತಿ 240 ಮಿಲಿಗ್ರಾಂ ಆಯ್ತು. ದಿನಕ್ಕೆ 200ರ ಒಂದು ಮಾತ್ರೆಯಾದರೆ ಚಿಂತೆಯಿಲ್ಲ, 400 ಆದರೆ ಜಾಸ್ತಿಯಾಯಿತು. ಇವತ್ತೇ ತೂಕ ನೋಡಿಕೊಂಡು ಲೆಕ್ಕ ಹಾಕಿ. ಮೀರಿದ್ದರೆ, ಮಾತ್ರೆ ಬರೆದುಕೊಟ್ಟ ಡಾಕ್ಟರ ಹತ್ತಿರ ಕೇಳಿ. ತೂಕ 60 ಕೆಜಿ ಅಥವಾ ಹೆಚ್ಚಿರುವ ಎಷ್ಟೋ ಮಂದಿಗೆ ಒಂದು ದಿನ 200, ಮರುದಿನ 400 ಅಂತ ಹೊಂದಿಸಿ ಕೊಡುತ್ತಾರೆ. ಕಿಡ್ನಿ ತೊಂದರೆ ಇರುವವರಿಗೆ, ಸ್ತನ ಕ್ಯಾನ್ಸರಿಗೆ ಟ್ಯಾಮೋಕ್ಸಿಫೆನ್ ತಗೊಳ್ಳುವವರಿಗೆ ಅಪಾಯ ಹೆಚ್ಚು. ಅದನ್ನೂ ಹೇಳಿಬಿಡಿ.

ನೀವು ಬರೆದದ್ದರಲ್ಲಿ ನನಗೆ ಆತಂಕ ತಂದದ್ದು "ಚೆನ್ನಾಗಿಯೇ ಕಾಣುತ್ತದೆ" ಎಂಬ ಮಾತು. ಈ ಹಾನಿ ಸಾಮಾನ್ಯವಾಗಿ ದೃಷ್ಟಿಯ ನಟ್ಟನಡುವನ್ನು ಬಿಟ್ಟು ಅದರ ಸುತ್ತ ಉಂಗುರದ ಹಾಗೆ ಶುರುವಾಗುತ್ತದೆ. ಹಾಗಾಗಿ ಗೋಡೆ ಮೇಲಿನ ಅಕ್ಷರ ಕೊನೆಯ ಸಾಲಿನವರೆಗೂ ಓದಲು ಬರುತ್ತದೆ. ನಿಮಗೇ ಗೊತ್ತಾಗುವ ಹೊತ್ತಿಗೆ ಆದ ನಷ್ಟವನ್ನು ಮರಳಿ ತರಲು ಆಗುವುದಿಲ್ಲ. ಕನ್ನಡಕದ ಅಂಗಡಿಯಲ್ಲಿ ನಂಬರ್ ನೋಡಿಸಿದರೆ ಸಾಲದು ಎಂದು ಒತ್ತಿ ಹೇಳುವುದು ಇದಕ್ಕೇ.

ಬೇಕಾದ ಪರೀಕ್ಷೆ ಎರಡು. ಒಂದು, ರೆಟಿನಾದ ಪದರಗಳ ಚಿತ್ರ ತೆಗೆಯುವ ಓಸಿಟಿ ಸ್ಕ್ಯಾನ್. ಇನ್ನೊಂದು, ನೋಟದ ಹರವಿನಲ್ಲಿ ಎಲ್ಲೆಲ್ಲಿ ಕಾಣುತ್ತದೆ ಎಂದು ನೋಡುವ ಫೀಲ್ಡ್ ಟೆಸ್ಟ್. ಮಂದ ಬೆಳಕಿನ ಕೋಣೆಯಲ್ಲಿ ಗಲ್ಲ ಊರಿ ಕೂರಿಸಿ, ಒಂದು ಕಣ್ಣು ಮುಚ್ಚುತ್ತಾರೆ. ನಡುವಿನ ಚುಕ್ಕೆಯನ್ನೇ ನೋಡುತ್ತಿರಬೇಕು. ಅಲ್ಲೊಂದು ಇಲ್ಲೊಂದು ಸಣ್ಣ ಬೆಳಕು ಮಿನುಗಿದಾಗ ಕೈಲಿರುವ ಗುಂಡಿ ಒತ್ತಬೇಕು. ನೋವೇನೂ ಇಲ್ಲ, ತಾಳ್ಮೆ ಬೇಕಷ್ಟೇ. ಏಷ್ಯಾದವರಲ್ಲಿ ಹಾನಿ ಸ್ವಲ್ಪ ಹೊರಗಿನ ಭಾಗದಲ್ಲಿ ಶುರುವಾಗುವುದೂ ಇದೆ. ಅಗಲದ ಫೀಲ್ಡ್ ಟೆಸ್ಟೂ ಬೇಕಾ ಅಂತ ಕೇಳಿ, ಸಂಕೋಚ ಬೇಡ.

ಮಾತ್ರೆ ಶುರು ಮಾಡಿದ ಮೊದಲ ವರ್ಷದೊಳಗೆ ಒಮ್ಮೆ ಕಣ್ಣು ತೋರಿಸಬೇಕು, 5 ವರ್ಷದ ನಂತರ ಪ್ರತಿ ವರ್ಷ. ಅಪಾಯ ಹೆಚ್ಚಿದ್ದರೆ ಇನ್ನೂ ಬೇಗ. ನೀವು ಇದುವರೆಗೆ ತೋರಿಸಿಲ್ಲವಾದರೆ ಈ ತಿಂಗಳೇ ಹೋಗಿ ಬನ್ನಿ.

ಹೋಗುವಾಗ ಮನೆಯಲ್ಲಿರುವ ಎಲ್ಲ ಮಾತ್ರೆ ಶೀಟುಗಳನ್ನೂ ಒಂದು ಕವರಿಗೆ ಹಾಕಿಕೊಳ್ಳಿ. ಸಂಧಿವಾತಕ್ಕೆ ಸ್ಟೀರಾಯ್ಡನ್ನೂ ಕೊಡುತ್ತಾರಲ್ವಾ? ಅದು ದೀರ್ಘಕಾಲವಾದರೆ ಕಣ್ಣಿನ ಪೊರೆ ಬೇಗ ಬರಬಹುದು, ಕಣ್ಣಿನ ಒತ್ತಡ ಏರಬಹುದು. ಟಿಬಿಗೆ ಕೊಡುವ ಎಥಾಂಬ್ಯುಟಾಲ್ ಕೆಲವರಲ್ಲಿ ಕಣ್ಣಿನ ನರಕ್ಕೇ ಪೆಟ್ಟು ಕೊಡುತ್ತದೆ. ಕೆಂಪು, ಹಸಿರು ಮಂಕಾಗಿ ಕಂಡರೆ, ಓದುವಾಗ ಮಬ್ಬಾದರೆ ಅವತ್ತೇ ಟಿಬಿ ಡಾಕ್ಟರಿಗೆ ತಿಳಿಸಬೇಕು. ಬೇಗ ಗೊತ್ತಾದರೆ ದೃಷ್ಟಿ ಮರಳುವ ಸಾಧ್ಯತೆ ಜಾಸ್ತಿ. ಇನ್ನು ಮನೆಯ ಹಿರಿಯರು ಪ್ರಾಸ್ಟೇಟ್ ತೊಂದರೆಗೆ ಟ್ಯಾಮ್ಸುಲೋಸಿನ್ ತಗೊಳ್ಳುತ್ತಿದ್ದರೆ, ಪೊರೆ ಆಪರೇಷನ್ನಿಗೆ ಮೊದಲೇ ಸರ್ಜನ್ನಿಗೆ ಹೇಳಿ. ಅದರಿಂದ ಕಣ್ಣಿನ ಪಾಪೆ ಸರಿಯಾಗಿ ಹಿಗ್ಗದೆ ಆಪರೇಷನ್ ಕಷ್ಟವಾಗುತ್ತದೆ. ಬಿಟ್ಟು ವರ್ಷವಾಗಿದ್ದರೂ ಹೇಳಲೇಬೇಕು.